ವೈರಿಂಗ್ ಕೆಲಸ ಮಾಡುವವರು ಜಿಎಸ್‌ಟಿ ಮಾಡಿಸಬೇಕಾ, ಬೇಡ್ವಾ?

ವೈರಿಂಗ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ವೈರಿಂಗ್, ಮೋಟರ್ ಪ್ಯಾನೆಲ್, ಯುಪಿಎಸ್ ಕೆಲಸ ಮಾಡುತ್ತೇನೆ. ಜೊತೆಗೆ ಮೂವರು ಹುಡುಗರಿದ್ದಾರೆ. ಅಂಗಡಿ ಇಲ್ಲ, ಮನೆಯ ಮುಂದಿನ ರೂಮಿನಲ್ಲೇ ಸಾಮಾನು ಇಟ್ಟುಕೊಂಡಿದ್ದೇನೆ. ಕಳೆದ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಟ್ಟು 17 ಲಕ್ಷದ ಕೆಲಸ ಆಗಿದೆ. ಅದರಲ್ಲಿ ಹತ್ತಿರ ಹತ್ತಿರ 11 ಲಕ್ಷ ಬರೀ ಮೆಟೀರಿಯಲ್. ವೈರು, ಸ್ವಿಚ್ಚು, ಎಂಸಿಬಿ, ಪೈಪು ಎಲ್ಲ ನಾನೇ ತಂದು ಹಾಕಿ ಒಟ್ಟಿಗೆ ಬಿಲ್ ಕೊಡುತ್ತೇನೆ.

ಈಗ ಒಬ್ಬ ಬಿಲ್ಡಿಂಗ್ ಕಾಂಟ್ರಾಕ್ಟರ್ ಕಲ್ಯಾಣ ಮಂಟಪದ ವೈರಿಂಗ್ ಕೊಡುತ್ತೇನೆ ಎಂದಿದ್ದಾರೆ. ಮೆಟೀರಿಯಲ್ ಸೇರಿ 6 ಲಕ್ಷ. ಆದರೆ ಜಿಎಸ್‌ಟಿ ಬಿಲ್ ಬೇಕೇ ಬೇಕು ಅನ್ನುತ್ತಾರೆ. ನಂಬರ್ ಮಾಡಿಸಿದರೆ ಮನೆ ಕೆಲಸದ ಗಿರಾಕಿಗಳೆಲ್ಲ 18% ಜಾಸ್ತಿ ಕೊಡಬೇಕಾಗುತ್ತೆ, ಪಕ್ಕದ ಬೀದಿಯವನ ಹತ್ತಿರ ಹೋಗಿಬಿಡ್ತಾರೆ ಅನ್ನೋ ಭಯ. ಮಾಡಿಸದಿದ್ದರೆ ಇಂಥ ದೊಡ್ಡ ಕೆಲಸ ಯಾವತ್ತೂ ಸಿಗಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರು_ಪೇಂಟ್ಸ್:

40 ಲಕ್ಷದವರೆಗೆ ಜಿಎಸ್‌ಟಿ ಬೇಡ ಅಣ್ಣ. ನಿಮ್ಮದು 17 ಲಕ್ಷ, ಕಾಂಟ್ರಾಕ್ಟರ್ ಕೆಲಸ ಸೇರಿದರೂ 23. ಆರಾಮಾಗಿರಿ.

ಲೆಕ್ಕಪತ್ರ_ಹುಬ್ಬಳ್ಳಿ:

ಇಲ್ಲ ಸರ್, ದಯವಿಟ್ಟು ಇದನ್ನು ನಂಬಿಕೊಂಡು ಕೂರಬೇಡಿ. 40 ಲಕ್ಷದ ಮಿತಿ ಬರೀ ಸಾಮಾನು ಮಾರುವವರಿಗೆ. 2019ರ ಏಪ್ರಿಲ್‌ನಿಂದ ಬಂದಿದ್ದು ಅದು. ಸೇವೆ ಕೊಡುವವರಿಗೆ, ಅಥವಾ ಸಾಮಾನು ಮತ್ತು ಸೇವೆ ಎರಡೂ ಇರುವವರಿಗೆ ಕರ್ನಾಟಕದಲ್ಲಿ ಈಗಲೂ 20 ಲಕ್ಷವೇ. ಕಟ್ಟಡಕ್ಕೆ ಮೆಟೀರಿಯಲ್ ಸಮೇತ ವೈರಿಂಗ್ ಮಾಡಿಕೊಡುವುದು ವರ್ಕ್ಸ್ ಕಾಂಟ್ರಾಕ್ಟ್. ಅದನ್ನು ಕಾನೂನು ಸೇವೆ ಎಂದೇ ನೋಡುತ್ತದೆ. ಪೇಂಟಿಂಗ್, ಪ್ಲಂಬಿಂಗ್, ಟೈಲ್ಸ್, ಫ್ಯಾಬ್ರಿಕೇಶನ್ ಮಾಡುವವರು ಬಹಳ ಜನ ಇದೇ 40 ಲಕ್ಷದ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ನಾನು ಕೆಲಸ ಮಾಡುವ ಆಡಿಟರ್ ಆಫೀಸಿಗೆ ವಾರ ವಾರ ಇಂಥವರು ಬರುತ್ತಾರೆ, ನೋಡಿ ಬೇಜಾರಾಗುತ್ತೆ.

ಇನ್ನೊಂದು ಮಾತು. 20 ಲಕ್ಷ ಅಂದರೆ ಲಾಭ ಅಲ್ಲ, ಕೂಲಿ ಮಾತ್ರವೂ ಅಲ್ಲ. ನಿಮ್ಮ ಬಿಲ್ಲಿನಲ್ಲಿ ಬಂದದ್ದೆಲ್ಲ. ನಿಮ್ಮ ಪ್ಯಾನ್ ಮೇಲೆ ದೇಶದಲ್ಲಿ ಎಲ್ಲಿ ಏನೇ ವ್ಯಾಪಾರ ಮಾಡಿದರೂ ಒಟ್ಟಿಗೆ ಸೇರುತ್ತದೆ. ತೆರಿಗೆ ಇಲ್ಲದ ಕೆಲಸದ ದುಡ್ಡೂ ಸೇರುತ್ತದೆ. ಲೆಕ್ಕ ಹಾಕೋದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷಕ್ಕೆ. ಹಾಗಾಗಿ ಈ ವರ್ಷವೂ ನಿಮ್ಮದು 17ರ ಹತ್ತಿರ ಆಗಿ, ಅದರ ಜೊತೆ ಈ 6 ಸೇರಿದರೆ ಮಿತಿ ದಾಟಿತು ಎಂದೇ ಲೆಕ್ಕ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು.

ವೈರಿಂಗ್_ದಾವಣಗೆರೆ:

ಅಯ್ಯೋ, ನಾನೂ 40 ಎಂದೇ ಅಂದುಕೊಂಡಿದ್ದೆ. ಹಾಗಾದರೆ ಈ ಕೆಲಸ ಹಿಡಿದರೆ ಮಾಡಿಸಲೇಬೇಕಾ?

ಪ್ಲಂಬರ್_ಶಿವಮೊಗ್ಗ:

ಹಿಡಿಯೋ ರೀತಿ ಮೇಲೆ ಹೋಗುತ್ತೆ ಅಣ್ಣ. ಮೆಟೀರಿಯಲ್ ಕಾಂಟ್ರಾಕ್ಟರ್ರೇ ತರಲಿ, ನೀವು ಬರೀ ಕೂಲಿ ಹಿಡಿಯಿರಿ. 6 ಲಕ್ಷದಲ್ಲಿ ಕೂಲಿ ಎಷ್ಟಾಗುತ್ತೆ, ಒಂದೂವರೆಯಿಂದ ಎರಡು ಲಕ್ಷ? ಆಗ ನಿಮ್ಮ ಒಟ್ಟು 19ರ ಒಳಗೇ ಉಳಿಯುತ್ತೆ. ಕಾಂಟ್ರಾಕ್ಟರ್‌ಗೂ ನಷ್ಟ ಇಲ್ಲ, ಯಾಕಂದ್ರೆ ಅಂಗಡಿಯವರು ಅವರ ಹೆಸರಿಗೇ ಜಿಎಸ್‌ಟಿ ಬಿಲ್ ಕೊಡ್ತಾರೆ, ಮೆಟೀರಿಯಲ್ ಮೇಲಿನ ಇನ್‌ಪುಟ್, ಅಂದರೆ ಅಂಗಡಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು, ಅವರಿಗೆ ನೇರವಾಗಿ ಸಿಗುತ್ತೆ. ನಿಮ್ಮ ಕೂಲಿಗೆ ತೆರಿಗೆಯೇ ಇಲ್ಲದಿರುವಾಗ ಅವರು ಕಳೆದುಕೊಳ್ಳೋದು ಏನೂ ಇಲ್ಲ. ನಾನು ಮನೆ ಕೆಲಸಕ್ಕೂ ಹೀಗೇ ಮಾಡೋದು. ಪಟ್ಟಿ ಬರೆದುಕೊಡ್ತೀನಿ, ಮನೆಯವರು ಹೋಗಿ ಪೈಪು, ನಲ್ಲಿ ತಂದುಕೊಡ್ತಾರೆ. ಬಿಲ್ ಅವರ ಹೆಸರಲ್ಲೇ ಇರುತ್ತೆ, ನನ್ನದು ಕೂಲಿ ಮಾತ್ರ.

ಮೆಟೀರಿಯಲ್ ಮೇಲೆ ಸಿಗೋ ಮಾರ್ಜಿನ್ ಹೋಗುತ್ತೆ, ಅದು ನಿಜ. ಅದಕ್ಕೆ ಪಾಯಿಂಟ್ ರೇಟ್ ಸ್ವಲ್ಪ ಏರಿಸಿಕೊಳ್ಳಬೇಕು.

ಹಾರ್ಡ್‌ವೇರ್_ತಿಪಟೂರು:

ವ್ಯಾಟ್ ಕಾಲದಿಂದ ಅಂಗಡಿ ಇಟ್ಟುಕೊಂಡವನು ನಾನು. 2005ರಲ್ಲಿ ನಮ್ಮ ರಾಜ್ಯಕ್ಕೆ ವ್ಯಾಟ್ ಬಂದಾಗಲೂ ಇದೇ ಪ್ರಶ್ನೆ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೂ ಇದೇ ಪ್ರಶ್ನೆ. ನನ್ನ ಸಲಹೆ, ಕಾಂಪೊಸಿಷನ್ ನೋಡಿ, ಅಂದರೆ ಸಣ್ಣವರಿಗೆ ಇರುವ ಸರಳ ಜಿಎಸ್‌ಟಿ ಯೋಜನೆ. ನಾನು ಅದರಲ್ಲೇ ಇದ್ದೇನೆ. ವ್ಯಾಪಾರದ 1% ಕಟ್ಟಿದರೆ ಆಯಿತು. ಮೂರು ತಿಂಗಳಿಗೊಮ್ಮೆ ದುಡ್ಡು ಕಟ್ಟೋದು, ವರ್ಷಕ್ಕೊಂದು ರಿಟರ್ನ್. ತಲೆನೋವಿಲ್ಲ. ಗಿರಾಕಿ ಹತ್ತಿರ ತೆರಿಗೆ ಅಂತ ಬೇರೆ ವಸೂಲಿ ಮಾಡುವ ಹಾಗಿಲ್ಲ, ಬೋರ್ಡಿನ ಮೇಲೆ ಕಾಂಪೊಸಿಷನ್ ಎಂದು ಬರೆಸಬೇಕು, ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ. ನನಗೆ ಅದ್ಯಾವುದೂ ತೊಂದರೆ ಆಗಿಲ್ಲ.

ಲೆಕ್ಕಪತ್ರ_ಹುಬ್ಬಳ್ಳಿ:

ಹಿರಿಯರು ಹೇಳಿದ್ದು ಅಂಗಡಿಗೆ ಸರಿ. ವೈರಿಂಗ್ ಸರ್‌ಗೆ ಆ 1% ಸಿಗಲ್ಲ. ಸೇವೆಯವರಿಗೆ ಇರುವುದು ಬೇರೆ ಕಾಂಪೊಸಿಷನ್, ವರ್ಷಕ್ಕೆ 50 ಲಕ್ಷದವರೆಗೆ, ದರ 6%. ಬನ್ನಿ, ಒಂದು ಕೆಲಸ ಇಟ್ಟುಕೊಂಡು ಲೆಕ್ಕ ಹಾಕೋಣ. ಬಾಯಿಮಾತಲ್ಲಿ ಹೇಳಿದರೆ ಇದು ಯಾರಿಗೂ ಅರ್ಥ ಆಗಲ್ಲ.

ಒಂದು ಹಳೆ ಮನೆಗೆ ಹೊಸದಾಗಿ ವೈರಿಂಗ್ ಎಳೆಯುವ ಕೆಲಸ ಅಂದುಕೊಳ್ಳಿ. ಮೆಟೀರಿಯಲ್ ಬೆಲೆ 1,00,000, ಅದರ ಮೇಲೆ ಅಂಗಡಿಯವರು ಹಾಕಿದ ಜಿಎಸ್‌ಟಿ 18,000. ನೀವು ಕೊಟ್ಟದ್ದು 1,18,000. ನಿಮ್ಮ ಮಾರ್ಜಿನ್ 10,000, ಕೂಲಿ 40,000.

ನಂಬರ್ ಇಲ್ಲದಿದ್ದರೆ ನಿಮ್ಮ ಬಿಲ್ 1,68,000. ಅಂಗಡಿಯಲ್ಲಿ ಕಟ್ಟಿದ 18,000 ಅದರೊಳಗೇ ಅಡಗಿ ಕೂತಿದೆ.

ನಂಬರ್ ಇದ್ದರೆ ಆ 18,000 ನಿಮಗೆ ಇನ್‌ಪುಟ್ ಸಿಗುತ್ತೆ. ಹಾಗಾಗಿ ಬಿಲ್ 1,50,000, ಅದರ ಮೇಲೆ 18% ಅಂದರೆ 27,000. ಒಟ್ಟು 1,77,000. ಸರ್ಕಾರಕ್ಕೆ ಕೈಯಿಂದ ಕಟ್ಟುವುದು 27,000ದಲ್ಲಿ 18,000 ಕಳೆದು 9,000.

ಮನೆಯವರಿಗೆ ಜಾಸ್ತಿ ಬಿದ್ದದ್ದು 9,000 ಮಾತ್ರ, ಇಡೀ ಬಿಲ್ಲಿನ 18% ಅಲ್ಲ. ಇದನ್ನು ಗಮನಿಸಿ ಸರ್, ನಿಮ್ಮ ಭಯದ ಅರ್ಧ ಇಲ್ಲೇ ಕಡಿಮೆ ಆಗಬೇಕು. ನೀವು ರೇಟ್ ಏರಿಸದೆ 1,68,000ಕ್ಕೇ ಮಾಡಿಕೊಟ್ಟರೆ ನಿಮ್ಮ ಕೈಗೆ 50,000 ಬದಲು ಸುಮಾರು 42,400 ಬರುತ್ತೆ.

ಇದೇ ಕೆಲಸ ಕಾಂಟ್ರಾಕ್ಟರ್‌ಗೆ ಮಾಡಿದರೆ? ಅವರು 1,77,000 ಕೊಟ್ಟು 27,000 ಇನ್‌ಪುಟ್ ತೆಗೆದುಕೊಳ್ಳುತ್ತಾರೆ. ಅವರಿಗೆ ಬಿದ್ದದ್ದು 1,50,000. ನಂಬರ್ ಇಲ್ಲದ ನಿಮ್ಮಿಂದ ಮಾಡಿಸಿದರೆ 1,68,000. ಅಂದರೆ ನಂಬರ್ ಮಾಡಿಸಿದರೆ ಅವರಿಗೆ ನೀವು 18,000 ಅಗ್ಗ! ಅದಕ್ಕೇ ಅವರು ಬಿಲ್ ಬೇಕು ಅಂತ ಪಟ್ಟು ಹಿಡಿಯೋದು.

ಈಗ 6% ಕಾಂಪೊಸಿಷನ್ನಿಗೆ ಬನ್ನಿ. ಇಡೀ 1,68,000ದ ಮೇಲೆ 6%, ಅಂದರೆ 10,080 ನಿಮ್ಮ ಕೈಯಿಂದ. ಇನ್‌ಪುಟ್ ನಿಮಗೂ ಇಲ್ಲ, ಕಾಂಟ್ರಾಕ್ಟರ್‌ಗೂ ಇಲ್ಲ. ಮೆಟೀರಿಯಲ್ ಹಾಕಿ ಕೆಲಸ ಮಾಡುವವರಿಗೆ ಇದು ಶುದ್ಧ ನಷ್ಟ. ಬರೀ ಕೂಲಿ ಕೆಲಸ, ಅದೂ ಎಲ್ಲ ಮನೆ ಗಿರಾಕಿಗಳೇ ಆಗಿದ್ದರೆ ಮಾತ್ರ ನೋಡಬಹುದು. 40,000ಕ್ಕೆ 2,400 ಆಗುತ್ತೆ, ರೆಗ್ಯುಲರ್‌ನಲ್ಲಿ, ಅಂದರೆ 18% ಹಾಕುವ ಮಾಮೂಲಿ ನೋಂದಣಿಯಲ್ಲಿ, 7,200.

ಹಾರ್ಡ್‌ವೇರ್_ತಿಪಟೂರು:

ಚೆನ್ನಾಗಿ ಬಿಡಿಸಿ ಹೇಳಿದಿರಿ ತಾಯಿ. ನಾನು ಅಂಗಡಿ ಲೆಕ್ಕದಲ್ಲೇ ಯೋಚಿಸಿದ್ದೆ. ನನ್ನ ಹತ್ತಿರ ಬರುವ ಮೇಸ್ತ್ರಿಗಳಿಗೆ ಇದನ್ನೇ ತೋರಿಸುತ್ತೇನೆ.

ಗ್ರಿಲ್_ವರ್ಕ್ಸ್_ತುಮಕೂರು:

ಹೆಂಡತಿ ಹೆಸರಲ್ಲಿ ಇನ್ನೊಂದು ಬಿಲ್ ಬುಕ್ ಮಾಡಿಸಿದರೆ ಹೇಗೆ? ನಿಮ್ಮ ಹೆಸರಲ್ಲಿ 12, ಅವರ ಹೆಸರಲ್ಲಿ 11. ಇಬ್ಬರದ್ದೂ 20ರ ಒಳಗೇ. ನಮ್ಮ ಕಡೆ ಸುಮಾರು ಜನ ಹೀಗೇ ನಡೆಸ್ತಿದಾರೆ. ಇಲ್ಲಾಂದ್ರೆ ಅರ್ಧ ಕ್ಯಾಶ್ ತಗೊಳ್ಳಿ.

ಲೆಕ್ಕಪತ್ರ_ಹುಬ್ಬಳ್ಳಿ:

ಹೆಂಡತಿ ನಿಜವಾಗಿ ಬೇರೆ ವ್ಯಾಪಾರ ಮಾಡ್ತಿದ್ದರೆ ಅವರದ್ದು ಬೇರೆ ಲೆಕ್ಕ. ಆದರೆ ಹುಡುಗರು ಅವರೇ, ಟೂಲ್ಸ್ ಅವೇ, ಗಿರಾಕಿ ಅವರೇ, ಫೋನ್ ನಂಬರ್ ಒಂದೇ, ಬಿಲ್ ಮಾತ್ರ ಎರಡು ಎಂದರೆ ಅಧಿಕಾರಿ ಒಂದೇ ವ್ಯಾಪಾರ ಎಂದು ಸೇರಿಸುತ್ತಾರೆ. ಆಗ ಹಿಂದಿನ ತೆರಿಗೆ, ಅದಕ್ಕೆ 18% ಬಡ್ಡಿ, ಮೇಲೆ ದಂಡ. ನೋಂದಣಿ ಮಾಡಿಸದೆ ಇದ್ದದ್ದಕ್ಕೆ ದಂಡ 10,000 ಅಥವಾ ತಪ್ಪಿಸಿದ ತೆರಿಗೆ, ಯಾವುದು ಜಾಸ್ತಿಯೋ ಅದು. ಆ ತೆರಿಗೆಯನ್ನು ಹಳೆ ಗಿರಾಕಿಗಳ ಹತ್ತಿರ ಹೋಗಿ ಕೇಳೋಕೆ ಆಗುತ್ತಾ? ಪೂರ್ತಿ ನಮ್ಮ ಕೈಯಿಂದಲೇ ಹೋಗುತ್ತೆ. ಇದಕ್ಕೆ ಮನೆಯವರನ್ನು ಸಿಕ್ಕಿಸಬೇಡಿ.

ಬೇಕರಿ_ಬೆಂಗಳೂರು:

ಕ್ಯಾಶ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ನಮ್ಮಂಥ ಸಣ್ಣ ಅಂಗಡಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. 2021-22ರಿಂದ ಬಂದ ದುಡ್ಡನ್ನೆಲ್ಲ ಕೂಡಿಸಿದ್ದರು. ಬೇಕರಿ, ಟೀ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರು. ತರಕಾರಿ, ಹಾಲು ಮಾರುವವರಿಗೂ ಹೋಗಿತ್ತು, ಅವಕ್ಕೆ ತೆರಿಗೆಯೇ ಇಲ್ಲ. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು ಹಳೆ ಬಾಕಿ ವಸೂಲಿ ಮಾಡಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಿ ಎಂದರು.

ಆ ತಿಂಗಳು ನಮ್ಮ ಬೀದಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಜಾಸ್ತಿ ಒದ್ದಾಡಿದ್ದು ಮನೆ ದುಡ್ಡು, ವ್ಯಾಪಾರದ ದುಡ್ಡು ಒಂದೇ ಅಕೌಂಟಿಗೆ ಹಾಕಿಕೊಂಡವರು. ಚೀಟಿ ಎತ್ತಿದ್ದು, ಭಾವ ಕೊಟ್ಟ ಸಾಲ, ಊರಿನ ಅಡಿಕೆ ಮಾರಿದ ದುಡ್ಡು, ಎಲ್ಲ ಒಂದೇ ಕ್ಯೂಆರ್‌ಗೆ. ಯಾವುದು ವ್ಯಾಪಾರ, ಯಾವುದು ಅಲ್ಲ ಎಂದು ಒಂದೊಂದೇ ಸಾಲು ಹಿಡಿದು ತೋರಿಸಬೇಕಾಯಿತು. ಜಿಎಸ್‌ಟಿ ಮಾಡಿಸೋದು, ಬಿಡೋದು ಆಮೇಲಿನ ಮಾತು. ಇವತ್ತೇ ಒಂದು ಕರೆಂಟ್ ಅಕೌಂಟ್ ಬೇರೆ ಮಾಡಿಸಿಬಿಡಿ ಅಣ್ಣ. ಕೊಟ್ಟ ಬಿಲ್ಲಿಗೆ ಕಾಪಿ ಇಟ್ಟುಕೊಳ್ಳಿ.

ವೈರಿಂಗ್_ದಾವಣಗೆರೆ:

ನನ್ನದೂ ಒಂದೇ ಅಕೌಂಟ್. ಮಗಳ ಫೀಸ್, ಮನೆ ಬಾಡಿಗೆ ಎಲ್ಲ ಅದರಲ್ಲೇ. ನಾಳೆಯೇ ಬ್ಯಾಂಕಿಗೆ ಹೋಗ್ತೀನಿ. ಪ್ರತಿ ತಿಂಗಳ ರಿಟರ್ನ್ ಕೆಲಸ ಎಷ್ಟಿರುತ್ತೆ ಅಂತ ಯಾರಾದರೂ ಹೇಳಿ.

ಪ್ಲಂಬರ್_ಶಿವಮೊಗ್ಗ:

ನಮ್ಮ ಪಕ್ಕದ ವೆಲ್ಡಿಂಗ್ ಶಾಪಿನವರದ್ದು ಹೇಳ್ತೀನಿ. ಟೆಂಡರ್ ಒಂದಕ್ಕೆ ಬೇಕು ಅಂತ ನಂಬರ್ ಮಾಡಿಸಿದರು. ಟೆಂಡರ್ ಸಿಗಲಿಲ್ಲ. ವ್ಯಾಪಾರವೇ ಇಲ್ಲವಲ್ಲ, ಏನು ಹಾಕೋದು ಅಂತ ರಿಟರ್ನ್ ಬಿಟ್ಟರು. ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು, ಇಲ್ಲಾಂದ್ರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ತೆರಿಗೆ ಇದ್ದ ರಿಟರ್ನ್ ಆದರೆ ದಿನಕ್ಕೆ 50. ಪ್ರತಿ ರಿಟರ್ನಿಗೂ ಬೇರೆ ಬೇರೆ. ಆಮೇಲೆ ನಂಬರೇ ರದ್ದಾಯಿತು. ಅದನ್ನು ಮತ್ತೆ ಜೀವಂತ ಮಾಡಿಸೋಕೆ ಅಲೆದಿದ್ದು ನಾನೇ ನೋಡಿದ್ದೇನೆ.

ಲೆಕ್ಕಪತ್ರ_ಹುಬ್ಬಳ್ಳಿ:

ಹೌದು, ನಂಬರ್ ಮಾಡಿಸಿದ ಮೇಲೆ ಮರೆಯೋದೇ ದೊಡ್ಡ ಅಪಾಯ. ವಹಿವಾಟು 5 ಕೋಟಿಯೊಳಗೆ ಇರುವವರಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸೌಲಭ್ಯ ಇದೆ, ಕ್ಯುಆರ್‌ಎಂಪಿ ಅಂತಾರೆ. ಮೊದಲೆರಡು ತಿಂಗಳು 25ರೊಳಗೆ ತೆರಿಗೆ ಮಾತ್ರ ಕಟ್ಟಬೇಕು. ಮೂರನೇ ತಿಂಗಳು ಮುಗಿದ ಮೇಲೆ ಮುಂದಿನ 13ರೊಳಗೆ ಜಿಎಸ್‌ಟಿಆರ್-1 (ಕೊಟ್ಟ ಬಿಲ್‌ಗಳ ವಿವರ), 22ರೊಳಗೆ 3ಬಿ (ತೆರಿಗೆ ಲೆಕ್ಕದ ರಿಟರ್ನ್). ಆದರೆ ಕಾಂಟ್ರಾಕ್ಟರ್‌ಗೆ ಕೊಟ್ಟ ಬಿಲ್‌ಗಳನ್ನು ಆಯಾ ತಿಂಗಳು ಮುಗಿದ 13ರೊಳಗೆ ಪೋರ್ಟಲ್‌ಗೆ ಏರಿಸಿ, ಅದಕ್ಕೂ ವ್ಯವಸ್ಥೆ ಇದೆ. ಇಲ್ಲದಿದ್ದರೆ ಅವರಿಗೆ ಇನ್‌ಪುಟ್ ಕಾಣಿಸಲ್ಲ, ನಿಮ್ಮ ದುಡ್ಡು ತಡೆ ಹಿಡೀತಾರೆ.

ನೋಂದಣಿಗೆ ಸರ್ಕಾರದ ಫೀಸ್ ಏನೂ ಇಲ್ಲ. ಪ್ಯಾನ್, ಆಧಾರ್, ಫೋಟೋ, ಮನೆ ಸ್ವಂತದ್ದಾದರೆ ಕರೆಂಟ್ ಬಿಲ್, ಬಾಡಿಗೆ ಆದರೆ ಕರಾರು ಪತ್ರ. 2025ರ ನವೆಂಬರ್‌ನಿಂದ ಸಣ್ಣವರಿಗೆ ಮೂರು ಕೆಲಸದ ದಿನದಲ್ಲಿ ನಂಬರ್ ಕೊಡುವ ದಾರಿಯೂ ಬಂದಿದೆ. ನಂಬರ್ ಇರುವ ಗಿರಾಕಿಗಳಿಗೆ ಹಾಕುವ ತೆರಿಗೆ ತಿಂಗಳಿಗೆ ಎರಡೂವರೆ ಲಕ್ಷ ದಾಟದಿದ್ದರೆ ಅದು ಸಿಗುತ್ತೆ.

ಸಿವಿಲ್_ಬೆಳಗಾವಿ:

ನಾನು ಕಾಂಟ್ರಾಕ್ಟರ್ ಕಡೆಯಿಂದ ಹೇಳ್ತೀನಿ. ಸಬ್ ಕಾಂಟ್ರಾಕ್ಟ್ ಮಾಡುವವರ ಹತ್ತಿರ ನಂಬರ್ ಇದ್ದರೆ ನಮಗೆ ನೆಮ್ಮದಿ, ಅದು ನಿಜ. ಆದರೆ ಒಂದು ವಿಷಯ ಯಾರೂ ಹೇಳಿಲ್ಲ. ಬಿಲ್ ಹಾಕಿದ ತಿಂಗಳ ತೆರಿಗೆ ನೀವು ಕಟ್ಟಲೇಬೇಕು, ದುಡ್ಡು ಬಂದಿರಲಿ, ಬರದಿರಲಿ. ಕಟ್ಟಡದ ಕೆಲಸದಲ್ಲಿ ದುಡ್ಡು ಮೂರು ತಿಂಗಳು ತಡ ಆಗೋದು ಮಾಮೂಲಿ. 6 ಲಕ್ಷದ ಬಿಲ್ ಒಂದೇ ಸಲ ಹಾಕಿದರೆ 1,08,000 ತೆರಿಗೆ, ಇನ್‌ಪುಟ್ ಕಳೆದು ಉಳಿದದ್ದು ನಿಮ್ಮ ಜೇಬಿನಿಂದ. ಅದಕ್ಕೆ ಹಂತ ಹಂತವಾಗಿ ಬಿಲ್ ಹಾಕಿ. ಪೈಪ್ ಹಾಕಿದ ಮೇಲೆ ಒಂದು, ವೈರ್ ಎಳೆದ ಮೇಲೆ ಒಂದು, ಬೋರ್ಡ್ ಫಿಟ್ಟಿಂಗ್ ಆದ ಮೇಲೆ ಒಂದು. ಯಾವ ಹಂತಕ್ಕೆ ಎಷ್ಟು, ಎಷ್ಟು ದಿನದಲ್ಲಿ ದುಡ್ಡು ಎಂದು ಕೊಟೇಶನ್‌ನಲ್ಲೇ ಬರೆಯಿಸಿ. ಸೇವೆಗೆ ಅಡ್ವಾನ್ಸ್ ತಗೊಂಡರೆ ಅದರ ಮೇಲೂ ತೆರಿಗೆ ಇದೆ, ಮರೀಬೇಡಿ.

ಹಾಗೆಯೇ, ಬಿಲ್ ಆಗಿ 180 ದಿನ ದುಡ್ಡು ಕೊಡದಿದ್ದರೆ ಕಾಂಟ್ರಾಕ್ಟರ್ ತಾನು ತೆಗೆದುಕೊಂಡ ಇನ್‌ಪುಟ್ ವಾಪಸ್ ಕಟ್ಟಬೇಕು. ಬಾಕಿ ಕೇಳುವಾಗ ಇದನ್ನು ನೆನಪಿಸಿ. ಕೆಲಸಕ್ಕೆ ಬರುತ್ತೆ.

ಲೆಕ್ಕಪತ್ರ_ಹುಬ್ಬಳ್ಳಿ:

ಬೆಳಗಾವಿ ಸರ್ ಹೇಳಿದ್ದು ಬಹಳ ಮುಖ್ಯ. ನಾನು ಒಂದು ಸೇರಿಸ್ತೀನಿ. ಜಿಎಸ್‌ಟಿ ಬಿಲ್ ಕೇಳಿದವರಿಗೆಲ್ಲ ಇನ್‌ಪುಟ್ ಸಿಗಲ್ಲ. ಕಾಂಟ್ರಾಕ್ಟರ್ ಬೇರೆಯವರಿಗೆ ಕಟ್ಟಿಕೊಡುವವರು, ಹಾಗಾಗಿ ಅವರಿಗೆ ಸಿಗುತ್ತೆ. ಆದರೆ ಒಬ್ಬ ಫ್ಯಾಕ್ಟರಿ ಮಾಲೀಕರು ತಮ್ಮದೇ ಹೊಸ ಕಟ್ಟಡಕ್ಕೆ ನಿಮ್ಮಿಂದ ವೈರಿಂಗ್ ಮಾಡಿಸಿದರೆ ಸಾಮಾನ್ಯವಾಗಿ ಅವರಿಗೆ ಆ ಇನ್‌ಪುಟ್ ಇಲ್ಲ. ಅಂಥ ಕಡೆ ನಿಮ್ಮ 18% ಪೂರ್ತಿ ಅವರ ಖರ್ಚು. ಆದ್ದರಿಂದ ನಂಬರ್ ಮಾಡಿಸುವ ಮುಂಚೆ ಒಂದು ಹಾಳೆ ತಗೊಂಡು ಮುಂದಿನ ಎರಡು ವರ್ಷದಲ್ಲಿ ಯಾರ ಯಾರ ಕೆಲಸ ಬರಬಹುದು ಎಂದು ಬರೆಯಿರಿ. ಪಕ್ಕದಲ್ಲಿ ಇನ್‌ಪುಟ್ ಸಿಗುವವರು, ಸಿಗದವರು ಎಂದು ಗುರುತು ಹಾಕಿ. ನನ್ನ ಮಟ್ಟಿಗೆ ತೀರ್ಮಾನ ಆಗಬೇಕಾದ್ದು ಆ ಹಾಳೆಯ ಮೇಲೆ. 20 ಲಕ್ಷ ದಾಟಿದ ದಿನ ಕಾನೂನೇ ತೀರ್ಮಾನ ಮಾಡುತ್ತೆ, ಅಲ್ಲಿಯವರೆಗೆ ತೀರ್ಮಾನ ನಿಮ್ಮದು.

ಎಸಿ_ದುಬೈ:

ಇಲ್ಲೂ ಇದೇ ಕಥೆ. ನಾನು ಮಂಗಳೂರಿನವನು, ದುಬೈನಲ್ಲಿ ಎಸಿ ಮೇಂಟೆನೆನ್ಸ್. 2018ರ ಜನವರಿಯಿಂದ 5% ವ್ಯಾಟ್ ಇದೆ. ವರ್ಷಕ್ಕೆ 3,75,000 ದಿರ್ಹಂ ದಾಟಿದರೆ ಕಡ್ಡಾಯ, 1,87,500 ದಾಟಿದರೆ ಇಷ್ಟ ಇದ್ದವರು ಮಾಡಿಸಬಹುದು. ವಿಲ್ಲಾ ಕೆಲಸದವರು ಕಡ್ಡಾಯ ಆಗೋವರೆಗೆ ಕಾಯ್ತಾರೆ, ಆಫೀಸ್ ಕೆಲಸದವರು ಮೊದಲೇ ಮಾಡಿಸ್ತಾರೆ. ಮೇಡಂ ಹೇಳಿದ ಹಾಳೆ ಇಲ್ಲಿಗೂ ಸರಿ.

ಬೋರ್‌ವೆಲ್_ಮೋಟರ್_ಗೌರಿಬಿದನೂರು:

ನಮ್ಮ ಊರಿಂದ ಹಿಂದೂಪುರ ಹತ್ತಿರ. ಆಂಧ್ರದ ಕಡೆ ಕೆಲಸ ಬಂದರೆ ನಂಬರ್ ಕಡ್ಡಾಯ ಅಂತ ಒಬ್ಬರು ಹೆದರಿಸಿದ್ದರು. ನಿಜವಾ?

ಲೆಕ್ಕಪತ್ರ_ಹುಬ್ಬಳ್ಳಿ:

ಸಾಮಾನು ಮಾರಿದರೆ ನಿಜ. ತೆರಿಗೆ ಇರುವ ಸಾಮಾನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ವಿನಾಯಿತಿ ಸಿಗಲ್ಲ, ನಂಬರ್ ಮಾಡಿಸಿಯೇ ಮಾರಬೇಕು. ಸೇವೆ ಆದರೆ 20 ಲಕ್ಷದವರೆಗೆ ತೊಂದರೆ ಇಲ್ಲ. ಮೋಟರ್ ರಿಪೇರಿ ಕೂಲಿಗೆ ಹೋಗಿ ಬನ್ನಿ, ಇಲ್ಲಿಂದ ಹೊಸ ಮೋಟರ್ ಒಯ್ದು ಮಾರುವ ಮುಂಚೆ ಯೋಚಿಸಿ.

ಟೈಲ್ಸ್_ಹಾಸನ:

ವೈರಿಂಗ್ ಅಣ್ಣ, ನಾನು ಎರಡು ವರ್ಷದ ಹಿಂದೆ ಮಾಡಿಸಿದೆ. ಮನೆ ಗಿರಾಕಿಗಳು ಹೋಗಿಬಿಡ್ತಾರೆ ಅಂತ ನನಗೂ ಇದೇ ಚಿಂತೆ ಇತ್ತು. ಕೆಲವರು ಹೋದರು, ಸುಳ್ಳು ಹೇಳಲ್ಲ. ಮುಖ್ಯವಾಗಿ ಗೊತ್ತಿರಬೇಕಾದ್ದು, ಒಮ್ಮೆ ನಂಬರ್ ಬಂದ ಮೇಲೆ ಇವರಿಗೆ ತೆರಿಗೆ ಹಾಕ್ತೀನಿ, ಅವರಿಗೆ ಹಾಕಲ್ಲ ಅನ್ನೋ ಹಾಗಿಲ್ಲ. ಎಲ್ಲರಿಗೂ ಹಾಕಬೇಕು. ಆದರೆ ಟೈಲ್ಸ್, ಸಿಮೆಂಟ್, ಮರಳು ಮನೆಯವರೇ ತಂದರೆ ನನ್ನ ಬಿಲ್ ಕೂಲಿಗೆ ಮಾತ್ರ. ಅಡಿ ಲೆಕ್ಕದ ಕೂಲಿ ಮೇಲೆ 18% ಅಂದರೆ ಅವರಿಗೆ ಇಡೀ ಮನೆ ಖರ್ಚಿನಲ್ಲಿ ದೊಡ್ಡದಾಗಿ ಕಾಣಲ್ಲ. ಜೊತೆಗೆ ಬಿಲ್ ಇದೆ, ನಾಳೆ ಟೈಲ್ಸ್ ಎದ್ದರೆ ಕೇಳಬಹುದು ಅನ್ನೋ ಧೈರ್ಯಕ್ಕೇ ಕೆಲವರು ಕೊಡ್ತಾರೆ.

ಲೆಕ್ಕಪತ್ರ_ಹುಬ್ಬಳ್ಳಿ:

ಹಾಸನ ಸರ್, ಹೊಸ ಮನೆ ಕೆಲಸಕ್ಕೆ ಇನ್ನೂ ಒಳ್ಳೆ ಸುದ್ದಿ ಇದೆ. ಬಿಡಿ ಮನೆ, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯದ ಭಾಗ ಅಲ್ಲದ ಒಂದೇ ಮನೆಯನ್ನು ಹೊಸದಾಗಿ ಕಟ್ಟುವಾಗ ಬರೀ ಕೂಲಿಗೆ ಹಿಡಿದ ಕೆಲಸಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಒಂದು ಮೊಳೆಯೂ ನಿಮ್ಮ ಬಿಲ್ಲಿನಲ್ಲಿ ಇರಬಾರದು. ರಿಪೇರಿಗೆ ಇದು ಅನ್ವಯಿಸಲ್ಲ, ಹಳೆ ಮನೆ ವೈರಿಂಗ್ ಬದಲಾಯಿಸುವುದಕ್ಕೂ ಇಲ್ಲ. ಈ ದುಡ್ಡು ವಹಿವಾಟಿಗೆ ಸೇರುತ್ತೆ, ತೆರಿಗೆ ಮಾತ್ರ ಇಲ್ಲ.

ವೈರಿಂಗ್_ದಾವಣಗೆರೆ:

ಮೇಡಂ, ಇದೊಂದು ಮಾತಿಗೆ ನಿಮಗೆ ದೊಡ್ಡ ನಮಸ್ಕಾರ. ನನ್ನ ಮನೆ ಕೆಲಸದಲ್ಲಿ ಮುಕ್ಕಾಲು ಪಾಲು ಹೊಸ ಮನೆಗಳೇ. ನಿನ್ನೆ ರಾತ್ರಿ ಕೂತು ಹಾಳೆ ಬರೆದೆ. ಕಲ್ಯಾಣ ಮಂಟಪದವರ ಜೊತೆ ಇನ್ನಿಬ್ಬರು ಕಾಂಟ್ರಾಕ್ಟರ್ ಹೆಸರು ಬಂತು, ಅವರೂ ಹಿಂದೆ ಬಿಲ್ ಕೇಳಿ ಬಿಟ್ಟವರು. ಬರೀ ಕೂಲಿಗೆ ಹಿಡಿದು 20ರ ಒಳಗೆ ಇರಬಹುದಿತ್ತು, ಶಿವಮೊಗ್ಗದ ಅಣ್ಣ ಹೇಳಿದ್ದು ಈ ಒಂದು ಕೆಲಸಕ್ಕೆ ಸರಿಯೇ. ಆದರೆ ಹುಡುಗರಿಗೆ ವರ್ಷಪೂರ್ತಿ ಕೆಲಸ ಕೊಡಬೇಕು ಅಂದರೆ ಈ ಕಾಂಟ್ರಾಕ್ಟರ್‌ಗಳು ಬೇಕು. ರೆಗ್ಯುಲರ್ ನಂಬರ್ ಮಾಡಿಸ್ತೀನಿ. ಮನೆಯವರಿಗೆ ಮೆಟೀರಿಯಲ್ ಪಟ್ಟಿ ಕೊಟ್ಟು ಅಂಗಡಿಯಿಂದ ಅವರ ಹೆಸರಲ್ಲೇ ಬಿಲ್ ಮಾಡಿಸ್ತೀನಿ. ಹೊಸ ಮನೆಗೆ ತೆರಿಗೆ ಬರಲ್ಲ. ರಿಪೇರಿಗೆ ಬರುವವರಿಗೆ 18% ಇದೆ ಅಂತ ಮೊದಲೇ ಹೇಳಿಬಿಡ್ತೀನಿ.

ಕೊನೆಯದೊಂದು. ರೂಮಿನಲ್ಲಿ ಹತ್ತಿರ 90,000ದ ವೈರು, ಸ್ವಿಚ್ಚು ಇದೆ. ಪೈಪಿಗೆ ಗೋಡೆ ಕೊರೆಯುವ ಒಂದು ಹೊಸ ವಾಲ್ ಚೇಸಿಂಗ್ ಮೆಷಿನ್ನೂ ಇದೆ. ಅದರ ಮೇಲೆ ಕಟ್ಟಿದ ಜಿಎಸ್‌ಟಿ ಹೋದಂಗೇನಾ?

ಲೆಕ್ಕಪತ್ರ_ಹುಬ್ಬಳ್ಳಿ:

ಸಾಮಾನಿನದ್ದು ಹೋಗಲ್ಲ ಸರ್. ನೋಂದಣಿಯ ಹಿಂದಿನ ದಿನ ಕೈಯಲ್ಲಿದ್ದ ಸ್ಟಾಕಿನ ಇನ್‌ಪುಟ್ ಸಿಗುತ್ತೆ. ಐಟಿಸಿ-01 ಎಂಬ ಫಾರಂ ಇದೆ, 30 ದಿನದೊಳಗೆ ಹಾಕಬೇಕು. ಅಂಗಡಿಯ ತೆರಿಗೆ ಬಿಲ್ ಇರಬೇಕು, ಬಿಲ್ ಒಂದು ವರ್ಷಕ್ಕಿಂತ ಹಳೆಯದಿರಬಾರದು. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ನಡೆಯಲ್ಲ. ಮೆಷಿನ್ನಿನದ್ದು ಸಿಗಲ್ಲ, ನಂಬರ್ ಬಂದ ಮೇಲೆ ಕೊಂಡ ಮೆಷಿನ್ನಿಗೆ ಮಾತ್ರ. ಇನ್ನೂ ಏನಾದರೂ ಟೂಲ್ಸ್ ಕೊಳ್ಳೋದಿದ್ದರೆ ನಂಬರ್ ಬರೋವರೆಗೆ ತಡೆಯಿರಿ. ಅಂಗಡಿಯವರಿಗೆ ಹೇಳಿ ಈಗಲೇ ಹಳೆ ಬಿಲ್‌ಗಳನ್ನು ತೆಗೆಸಿಟ್ಟುಕೊಳ್ಳಿ.